ಮುಂಕೋಣೆ ಕುಸಿಯದಂತೆ: ಪೊರೆಯ ಶಸ್ತ್ರಚಿಕಿತ್ಸೆ ಕಲಿತ ಬಗೆ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ನಾನು ಕಲಿತದ್ದು ಕೊನೆಯ ಹಂತದಿಂದ ಮೊದಲ ಹಂತದ ಕಡೆಗೆ. ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ನಾನು ನೇತ್ರವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ನಮ್ಮ ಯೂನಿಟ್ಟಿನ ಮೇಡಂ ಈ ಕ್ರಮವನ್ನು ಬಿಡದೆ ಪಾಲಿಸುತ್ತಿದ್ದರು. ಕಷ್ಟದ ಭಾಗವನ್ನೆಲ್ಲ ಅವರೇ ಮುಗಿಸಿ, ಕೃತಕ ಮಸೂರ ಕಣ್ಣಿನೊಳಗೆ ಕುಳಿತ ಮೇಲೆ, ಒಳಗೆ ಉಳಿದ ವಿಸ್ಕೋ ಎಂಬ ಅಂಟುದ್ರವವನ್ನು ತೊಳೆದು ತೆಗೆಯುವ ಕೆಲಸವನ್ನಷ್ಟೇ ಕಲಿಯುವವರಿಗೆ ಬಿಡುತ್ತಿದ್ದರು. ಅದು ಕೈಗೆ ಹತ್ತಿದ ಮೇಲೆ ಮಸೂರವನ್ನು ಇಡುವುದು, ಆಮೇಲೆ ಮಸೂರದ ಮೆತ್ತನೆಯ ಹೊರಪದರವಾದ ಕಾರ್ಟೆಕ್ಸನ್ನು ತೊಳೆಯುವುದು, ಬಳಿಕ ಬಿಳಿಗುಡ್ಡೆಯಲ್ಲಿ ಟನಲ್ ಎಂಬ ಸುರಂಗದಾರಿಯನ್ನು ಕೊರೆಯುವುದು, ಅದಾದ ಮೇಲೆ ಮಸೂರದ ಮುಂಚೀಲವನ್ನು ದುಂಡಗೆ ಬಿಡಿಸುವುದು, ಎಲ್ಲಕ್ಕಿಂತ ಕೊನೆಗೆ ಗಟ್ಟಿಯಾದ ತಿರುಳನ್ನು, ಅಂದರೆ ನ್ಯೂಕ್ಲಿಯಸ್ಸನ್ನು, ಹೊರತೆಗೆಯುವುದು. ಕಲಿಯುವವರ ಕೈಗೆ ಕಣ್ಣು ಬರುವ ಹೊತ್ತಿಗೆ ಅದು ಅಪಾಯದ ಘಟ್ಟವನ್ನು ದಾಟಿರಬೇಕು ಎಂಬುದು ಈ ಕ್ರಮದ ಹಿಂದಿನ ತರ್ಕ. ರೋಗಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ನ್ಯಾಯವಾದ ಕಲಿಕೆಯ ಕ್ರಮ ಮತ್ತೊಂದಿಲ್ಲವೆಂದು ನಾನು ಇಂದಿಗೂ ನಂಬಿದ್ದೇನೆ.

ಮೊದಲ ವಾರದಿಂದಲೇ ಅವರು ಪ್ರತಿ ಕೇಸಿನಲ್ಲೂ ಹೇಳುತ್ತಿದ್ದ ಮಾತು ಒಂದೇ ಆಗಿತ್ತು: ‘ಚೇಂಬರ್ ಬೀಳಬಾರದು.’ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಹಿಂಬದಿಗೂ ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ಸಿನ ಮುಂಬದಿಗೂ ನಡುವೆ ಇರುವ ಮುಂಕೋಣೆಯನ್ನು ನಾವು ಚೇಂಬರ್ ಎಂದೇ ಕರೆಯುತ್ತೇವೆ. ಅದರ ಆಳ ಹೆಚ್ಚುಕಡಿಮೆ 3 ಮಿ.ಮೀ. ನಮ್ಮ ಉಪಕರಣಗಳೆಲ್ಲ ಓಡಾಡಬೇಕಾದದ್ದು ಅಷ್ಟು ಜಾಗದಲ್ಲಿ. ಮೇಲೆ ಕಾರ್ನಿಯಾದ ಒಳಮೈಯಲ್ಲಿ ಎಂಡೋಥೀಲಿಯಂ ಎಂಬ ಜೀವಕೋಶಗಳ ಒಂದೇ ಪದರವಿದೆ. ವಯಸ್ಕರಲ್ಲಿ ಚದರ ಮಿಲಿಮೀಟರಿಗೆ ಸುಮಾರು 2500ರಷ್ಟಿರುವ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಹೆಚ್ಚು ಸತ್ತರೆ ಕಾರ್ನಿಯಾ ನೀರು ತುಂಬಿಕೊಂಡು ಮಂಜಾಗುತ್ತದೆ. ಕೆಳಗೆ ಮಸೂರದ ಹಿಂಚೀಲವಿದೆ. ಅದರ ನಟ್ಟನಡುವಿನ ದಪ್ಪ 4 ಮೈಕ್ರಾನಿನ ಆಸುಪಾಸು. ಚೇಂಬರ್ ಕುಸಿದ ಕ್ಷಣದಲ್ಲಿ ಕಾರ್ನಿಯಾ ಕೆಳಗಿಳಿಯುತ್ತದೆ, ಹಿಂಚೀಲ ಮೇಲೇಳುತ್ತದೆ, ನಡುವೆ ಸಿಕ್ಕ ಉಪಕರಣ ಎರಡರಲ್ಲಿ ಒಂದನ್ನು ಕೆಡಿಸುತ್ತದೆ. ಈ ಮಾತನ್ನು ನಾನು ಮೊದಲು ಒಂದು ಎಚ್ಚರಿಕೆಯೆಂದು ಕೇಳಿಸಿಕೊಂಡಿದ್ದೆ. ಟನಲ್ಲಿನಿಂದ ಹಿಡಿದು, ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿಮಾಡುವ ಫೇಕೊ ಯಂತ್ರದವರೆಗೆ ಪ್ರತಿಯೊಂದು ಹಂತದ ತಂತ್ರವೂ, ಪ್ರತಿಯೊಂದು ತೊಡಕಿನ ನಿರ್ವಹಣೆಯೂ ಇದೇ ಮಾತಿನ ವಿಸ್ತರಣೆಯೆಂಬುದು ಕೆಲಸ ಮಾಡುತ್ತ ಹೋದಂತೆ ತಿಳಿಯಿತು.

ಮನುಷ್ಯರ ಕಣ್ಣಿಗೆ ಮುನ್ನ ಆಡಿನ ಕಣ್ಣು. ಬೆಳಿಗ್ಗೆ ಮಟನ್ ಅಂಗಡಿಯಿಂದ ತಂದ ಕಣ್ಣುಗಳನ್ನು ಥರ್ಮೊಕೋಲಿನ ಗುಣಿಯಲ್ಲಿ ಗುಂಡುಸೂಜಿಗಳಿಂದ ಬಿಗಿದು, ಹಳೆಯ ಮೈಕ್ರೊಸ್ಕೋಪಿನ ಕೆಳಗಿಟ್ಟು ಅಭ್ಯಾಸ ಮಾಡುತ್ತಿದ್ದೆವು. ಹೊತ್ತೇರುವಷ್ಟರಲ್ಲಿ ಅವುಗಳ ಕಾರ್ನಿಯಾ ಬೆಳ್ಳಗಾಗಿ ಒಳಗೇನೂ ಕಾಣದಂತಾಗುತ್ತದೆ, ಆದುದರಿಂದ ಒಳಗಿನ ಕೆಲಸವನ್ನು ಬೇಗ ಮುಗಿಸಬೇಕು. ಟನಲ್ ಕೊರೆಯಲು, ಹೊಲಿಗೆ ಹಾಕಲು ಆಡಿನ ಕಣ್ಣು ಒಳ್ಳೆಯ ಗುರು. ಮುಂಚೀಲವನ್ನು ಬಿಡಿಸಲು ಮಾತ್ರ ಅದು ತಪ್ಪು ಅಂದಾಜು ಕೊಡುತ್ತದೆ, ಏಕೆಂದರೆ ಆ ಚೀಲ ದಪ್ಪ, ಎಳೆದಷ್ಟೂ ಹಿಗ್ಗುತ್ತದೆ, ವಯಸ್ಸಾದ ಮನುಷ್ಯರ ಚೀಲದಂತೆ ಸರಕ್ಕನೆ ಸೀಳಿಕೊಂಡು ಓಡುವುದಿಲ್ಲ. ಅದಕ್ಕಾಗಿ ನಾವು ಟೊಮೆಟೊ ಹಣ್ಣಿನ ಸಿಪ್ಪೆಯನ್ನು ಆಶ್ರಯಿಸಿದ್ದೆವು.

ಟನಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಕಲಿತದ್ದು ಹೊಲಿಗೆಯಿಲ್ಲದ ಸಣ್ಣ ಗಾಯದ ಕೈಶಸ್ತ್ರಚಿಕಿತ್ಸೆ. ನಾವು ಅದನ್ನು ಎಸ್‌ಐಸಿಎಸ್ ಎನ್ನುತ್ತೇವೆ. ಕಾರ್ನಿಯಾ ಮುಗಿದು ಬಿಳಿಗುಡ್ಡೆ ಶುರುವಾಗುವ ಅಂಚಿನಿಂದ ಒಂದೂವರೆ, ಎರಡು ಮಿಲಿಮೀಟರ್ ಹಿಂದೆ, 6ರಿಂದ 6.5 ಮಿ.ಮೀ. ಅಗಲಕ್ಕೆ, ಸಿಟ್ಟಾದ ಬಾಯಿಯಂತೆ ಎರಡೂ ತುದಿ ಹಿಂದಕ್ಕೆ ಬಾಗಿದ ಗೆರೆಯನ್ನು ಬಿಳಿಗುಡ್ಡೆಯ ಅರ್ಧ ದಪ್ಪದವರೆಗೆ ಹಾಕಬೇಕು. ಆ ಆಳದಲ್ಲಿ ಅರ್ಧಚಂದ್ರದ ತುದಿಯ ಕ್ರೆಸೆಂಟ್ ಬ್ಲೇಡನ್ನು ತೂರಿಸಿ, ಪದರವನ್ನು ಪದರದಿಂದ ಬಿಡಿಸುತ್ತ, ಪಾರದರ್ಶಕ ಕಾರ್ನಿಯಾದೊಳಕ್ಕೆ ಒಂದೂವರೆ ಮಿಲಿಮೀಟರ್ ಹೋಗಬೇಕು. ಕಣ್ಣುಗುಡ್ಡೆ ಉರುಟಾಗಿರುವುದರಿಂದ ಬ್ಲೇಡಿನ ಹಿಡಿಯನ್ನು ಅದರ ಬಾಗಿಗೆ ತಕ್ಕಂತೆ ತಿರುಗಿಸುತ್ತಿರಬೇಕು. ಬ್ಲೇಡಿನ ಲೋಹ ಮೇಲಿನ ಪದರದ ಮೂಲಕ ಮಸುಕಾಗಿ ಕಾಣುತ್ತಿದ್ದರೆ ಆಳ ಸರಿಯಾಗಿದೆ. ತೀರ ಸ್ಪಷ್ಟವಾಗಿ ಹೊಳೆದರೆ ಪದರ ತೆಳ್ಳಗಾಗಿದೆ, ಇನ್ನು ಸ್ವಲ್ಪದರಲ್ಲೇ ತೂತಾಗುತ್ತದೆ. ಏನೂ ಕಾಣದಿದ್ದರೆ ಬ್ಲೇಡ್ ಆಳಕ್ಕಿಳಿದಿದೆ, ಅದು ಹೊತ್ತಿಗೆ ಮುಂಚೆಯೇ ಚೇಂಬರಿನೊಳಗೆ ನುಗ್ಗುತ್ತದೆ, ಆ ದಾರಿಯಲ್ಲಿ ಐರಿಸ್ ಹೊರಕ್ಕೆ ಜಾರಿ ಬರುತ್ತದೆ.

ಎರಡಕ್ಕೂ ಪರಿಹಾರವಿದೆ, ಎರಡೂ ಪರಿಹಾರಗಳ ಮೊದಲ ಹೆಜ್ಜೆ ಅದೇ ಪದರದಲ್ಲಿ ಮುಂದುವರಿಯದಿರುವುದು. ಮೇಲಿನ ಪದರ ತೂತಾದರೆ ಟನಲ್ಲಿನ ಇನ್ನೊಂದು ತುದಿಯಿಂದ ಸ್ವಲ್ಪ ಆಳವಾದ ಹೊಸ ಪದರವನ್ನು ಹಿಡಿದುಕೊಂಡು ಬರಬೇಕು. ಮುಂಚಿತವಾಗಿ ಒಳನುಗ್ಗಿದ್ದರೆ ಇನ್ನೊಂದು ತುದಿಯಿಂದ ಮೇಲ್ಪದರದಲ್ಲಿ ಬಂದು, ಕೊನೆಯಲ್ಲಿ ತಪ್ಪದೆ 10-0 ನೈಲಾನ್ ಹೊಲಿಗೆ ಹಾಕಬೇಕು. ಹೊಸಬರು ಟನಲ್ಲನ್ನು ನ್ಯೂಕ್ಲಿಯಸ್ ಹೊರಬರುವ ದಾರಿಯೆಂದಷ್ಟೇ ಎಣಿಸುತ್ತಾರೆ. ಅದು ಕವಾಟ. ಒಳಗಿನ ಒತ್ತಡ ಏರಿದಷ್ಟೂ ಅದರ ಒಳತುಟಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬೇಡವಾಗುವುದು ಅದರಿಂದಲೇ. ಕೆಟ್ಟ ಟನಲ್ ಸೋರುತ್ತದೆ, ಸೋರುವ ಕಣ್ಣಿನಲ್ಲಿ ಚೇಂಬರ್ ನಿಲ್ಲುವುದಿಲ್ಲ, ಚೇಂಬರ್ ನಿಲ್ಲದ ಕಣ್ಣಿನಲ್ಲಿ ಮುಂದಿನ ಒಂದೊಂದು ಹಂತವೂ ಅಪಾಯದ್ದೇ.

ನಮ್ಮ ಕಡೆ ಈ ವಿಧಾನವನ್ನೇ ಮೊದಲು ಕಲಿಸುವುದಕ್ಕೆ ಕಾರಣವಿದೆ. ಹೊಲಮನೆ ಕೆಲಸ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ವರ್ಷಗಟ್ಟಲೆ ತಡೆದುಕೊಂಡು ಬರುವವರ ಪೊರೆ ಚೆನ್ನಾಗಿ ಬಲಿತು, ಕಂದು ಬಣ್ಣಕ್ಕೆ ತಿರುಗಿ ಕಲ್ಲಿನಂತಾಗಿರುತ್ತದೆ. ಅಂಥದ್ದನ್ನು ಯಂತ್ರದಿಂದ ಪುಡಿಮಾಡಲು ಬೇಕಾಗುವ ಅಲ್ಟ್ರಾಸೌಂಡ್ ಶಕ್ತಿಯೇ ಕಾರ್ನಿಯಾಕ್ಕೆ ಹೊಡೆತ ಕೊಡುತ್ತದೆ. ನೇಪಾಳದ ಸಂದುಕ್ ರುಯಿತ್ ಮತ್ತು ಅಮೆರಿಕದ ಡೇವಿಡ್ ಚಾಂಗ್ ಮೊದಲಾದವರು ಫೇಕೊ ಮತ್ತು ಕೈವಿಧಾನವನ್ನು ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 6 ತಿಂಗಳ ಬಳಿಕ ಕನ್ನಡಕದ ಸಹಾಯದಿಂದ ಒಳ್ಳೆಯ ದೃಷ್ಟಿ ಪಡೆದವರ ಪ್ರಮಾಣ ಎರಡೂ ಗುಂಪುಗಳಲ್ಲಿ 98% ಇತ್ತು. ವಾರ್ಡಿನಲ್ಲಿ ಕೆಲವು ಹಿರಿಯರು ‘ನಮ್ಮಪ್ಪಗ ಮೋದಿ ಡಾಕ್ಟರ್ ಕ್ಯಾಂಪಿನ್ಯಾಗ ಮಾಡಿದ್ರು’ ಎಂದು ಈಗಲೂ ನೆನೆಯುತ್ತಾರೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿದ ಆ ಕಾಲದಲ್ಲಿ ಮಸೂರವನ್ನು ಚೀಲದ ಸಮೇತ ತೆಗೆಯುತ್ತಿದ್ದರು, ಒಳಗೆ ಬೇರೆ ಮಸೂರ ಇಡುವುದಿರಲಿಲ್ಲ, ರೋಗಿ ಬಾಳಿನುದ್ದಕ್ಕೂ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳಬೇಕಿತ್ತು. ಕೃತಕ ಮಸೂರವನ್ನು ಹೆರಾಲ್ಡ್ ರಿಡ್ಲಿ ಲಂಡನ್ನಿನಲ್ಲಿ ಮೊದಲು ಅಳವಡಿಸಿದ್ದು 1949ರಲ್ಲೇ ಆದರೂ, ಅದು ನಮ್ಮ ಬಡ ರೋಗಿಗಳ ಕೈಗೆಟುಕಿದ್ದು ಮದುರೈಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗದ ಆರೋಲ್ಯಾಬ್ 1992ರಲ್ಲಿ ಮಸೂರ ತಯಾರಿಕೆ ಶುರುಮಾಡಿ ಬೆಲೆಯನ್ನು ಇಳಿಸಿದ ನಂತರ. ಈ ಮಸೂರ ಭದ್ರವಾಗಿ ಕೂರಬೇಕಾದರೆ ಹಿಂಚೀಲ ಉಳಿಯಬೇಕು. ಆದ್ದರಿಂದಲೇ ಇಂದಿನ ಶಸ್ತ್ರವೈದ್ಯರ ಎಚ್ಚರವೆಲ್ಲ ಆ 4 ಮೈಕ್ರಾನಿನ ಪರದೆಯ ಮೇಲೆ ನೆಟ್ಟಿರುತ್ತದೆ.

ಮುಂಚೀಲವನ್ನು ದುಂಡಗೆ ಬಿಡಿಸುವ ರೆಕ್ಸಿಸ್ ನನಗೆ ಬಹಳ ಕಾಲ ಹಿಡಿಯಿತು. ಬಲಿತ ಬಿಳಿ ಪೊರೆಯಲ್ಲಿ ಚೀಲ ಕಾಣುವುದೇ ಇಲ್ಲ. ಟ್ರಿಪ್ಯಾನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ಕಾಣುವಂತೆ ಮಾಡಿಕೊಳ್ಳುತ್ತೇವೆ. ಪೊರೆ ನೀರು ತುಂಬಿ ಉಬ್ಬಿದ್ದರೆ ಒಳಗಿನ ಒತ್ತಡ ಕಾಯುತ್ತಿರುತ್ತದೆ. ಸೂಜಿಯ ತುದಿ ತಾಗಿದೊಡನೆ ಸೀಳು ಎರಡೂ ಕಡೆ ಅಂಚಿನವರೆಗೆ ಓಡಿ, ನೀಲಿ ಚೀಲದ ನಡುವೆ ಬಿಳಿ ಪಟ್ಟಿ ತೆರೆದುಕೊಳ್ಳುತ್ತದೆ. ಅರ್ಜೆಂಟೀನಾದ ಬಾವುಟವನ್ನು ಹೋಲುವುದರಿಂದ ಜಗತ್ತಿನ ಎಲ್ಲ ಕಡೆ ಅದಕ್ಕೆ ಅದೇ ಹೆಸರು. ಅದನ್ನು ತಡೆಯುವ ಉಪಾಯ ಹೀಗಿದೆ: ಚೇಂಬರನ್ನು ಗಟ್ಟಿ ವಿಸ್ಕೋದಿಂದ ತುಂಬಿ ಮಸೂರದ ಉಬ್ಬನ್ನು ಮಟ್ಟಸ ಮಾಡಬೇಕು, ನಡುವೆ 26 ಗೇಜಿನ ಸೂಜಿ ಚುಚ್ಚಿ ಹಾಲಿನಂಥ ದ್ರವವನ್ನು ಎಳೆದುಕೊಳ್ಳಬೇಕು, ಒತ್ತಡ ಇಳಿದ ಮೇಲೆ ಸಣ್ಣ ವೃತ್ತದಿಂದ ಆರಂಭಿಸಬೇಕು. ಸಾಮಾನ್ಯ ಪೊರೆಯಲ್ಲಿ ಸೀಳು ಹೊರಗೆ ಓಡತೊಡಗಿದರೂ ಕಾರಣ ಹೆಚ್ಚಾಗಿ ಇದೇ. ವಿಸ್ಕೋ ಸೋರಿ ಚೇಂಬರ್ ತಗ್ಗಾಗಿ, ಮಸೂರ ಮುಂದಕ್ಕೆ ಉಬ್ಬಿರುತ್ತದೆ. ಆಗ ಎಳೆಯುವುದನ್ನು ನಿಲ್ಲಿಸಿ, ಮತ್ತೆ ವಿಸ್ಕೋ ತುಂಬಿ, ಚೀಲದ ಹಾಳೆಯನ್ನು ಮಡಿಕೆ ಬಿಡಿಸಿ ಅದು ಮೊದಲಿದ್ದಂತೆ ಮಲಗಿಸಿ, ಬಂದ ದಿಕ್ಕಿಗೇ ಹಿಂದಕ್ಕೆ ಎಳೆದು ಆಮೇಲೆ ಕೇಂದ್ರದ ಕಡೆಗೆ ತರಬೇಕು. ಬ್ರಯನ್ ಲಿಟಲ್ ಮತ್ತು ಸಂಗಡಿಗರು 2006ರಲ್ಲಿ ವಿವರಿಸಿದ ಈ ಕ್ರಮ ನನ್ನ ಕಣ್ಣೆದುರೇ ಎಷ್ಟೋ ರೆಕ್ಸಿಸ್‌ಗಳನ್ನು ಉಳಿಸಿದೆ.

ನ್ಯೂಕ್ಲಿಯಸ್ಸನ್ನು ಚೇಂಬರಿಗೆ ಹೊರಳಿಸಿ, ಕೆಳಗೆ ವೆಕ್ಟಿಸ್ ಎಂಬ ಚಮಚದಂಥ ಉಪಕರಣ ಹಾಕಿ ಹೊರತರುವಾಗಲೂ ಅದರ ಮೇಲೆ ಕೆಳಗೆ ವಿಸ್ಕೋ ಇರಬೇಕು. ಹಿಂಚೀಲ ಒಡೆಯುವ ಅವಕಾಶ ಅಲ್ಲೂ ಇದೆ. ಆದರೆ ನನ್ನ ಕೈಯಲ್ಲಿ ಹಿಂಚೀಲ ಮೊದಲ ಬಾರಿ ಒಡೆದದ್ದು ಕಾರ್ಟೆಕ್ಸ್ ತೊಳೆಯುವಾಗ. ರೋಗಿ ತೊಗರಿ ಬೆಳೆಯುವ ಊರಿನ ಒಬ್ಬ ಅಜ್ಜ. ಪಾಪೆಯ ಅಂಚಿನಲ್ಲಿ ತಲೆಹೊಟ್ಟಿನಂಥ ಬಿಳಿಯ ಪುಡಿ ಇತ್ತು. ಸ್ಯೂಡೋಎಕ್ಸ್‌ಫೋಲಿಯೇಷನ್ ಎಂಬ ಈ ಸ್ಥಿತಿಯಲ್ಲಿ ಪಾಪೆ ಸರಿಯಾಗಿ ಹಿಗ್ಗುವುದಿಲ್ಲ, ಮಸೂರವನ್ನು ಹಿಡಿದಿರುವ ಎಳೆಗಳೂ ಸಡಿಲವಾಗಿರುತ್ತವೆ. ನ್ಯೂಕ್ಲಿಯಸ್ ತೊಂದರೆಯಿಲ್ಲದೆ ಬಂದಿತ್ತು. ಟನಲ್ಲಿನ ಅಡಿಯಲ್ಲಿ, ಹನ್ನೆರಡು ಗಂಟೆಯ ದಿಕ್ಕಿನಲ್ಲಿ, ಉಳಿದ ಕಾರ್ಟೆಕ್ಸನ್ನು, ನೀರು ಬಿಡುತ್ತಲೇ ಹೀರಿಕೊಳ್ಳುವ ಸಣ್ಣ ಕೊಳವೆಯಾದ ಸಿಮ್ಕೊ ಕ್ಯಾನ್ಯುಲಾದಿಂದ ಎಳೆಯುತ್ತಿದ್ದೆ. ಆ ಜಾಗ ಕಣ್ಣಿಗೆ ಪೂರ್ತಿ ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಚೇಂಬರ್ ಆಳವಾಯಿತು, ಪಾಪೆ ಒಮ್ಮೆ ಅಗಲವಾಗಿ ಮತ್ತೆ ಮೊದಲಿನಂತಾಯಿತು, ಮೈಕ್ರೊಸ್ಕೋಪಿನ ಬೆಳಕಿಗೆ ಪಾಪೆಯಲ್ಲಿ ಕಾಣುವ ಕೆಂಪು ಹೊಳಪಿನ ನಡುವೆ ಅದಕ್ಕಿಂತ ಪ್ರಕಾಶಮಾನವಾದ, ಅಂಚು ತೀಡಿದಂತಿದ್ದ ಒಂದು ಉದ್ದುರುಟು ಜಾಗ ಕಾಣಿಸಿತು, ಅಷ್ಟು ಹೊತ್ತು ರಂಧ್ರದ ಕಡೆಗೆ ಓಡಿಬರುತ್ತಿದ್ದ ಕಾರ್ಟೆಕ್ಸಿನ ಎಳೆಗಳು ನಿಂತಲ್ಲೇ ನಿಂತವು.

ಅಂಥ ಹೊತ್ತಿನಲ್ಲಿ ಕೈ ತಾನಾಗಿ ಮಾಡಲು ಹೊರಡುವ ಕೆಲಸವೆಂದರೆ ಉಪಕರಣವನ್ನು ಹೊರಕ್ಕೆ ಎಳೆದುಕೊಳ್ಳುವುದು. ಮೇಡಂ ಸಹಾಯಕ ನೋಟಕದಲ್ಲಿ ನೋಡುತ್ತಿದ್ದರು. ‘ತೆಗೀಬ್ಯಾಡ, ಹಂಗ ಇರ್ಲಿ. ಸಿಸ್ಟರ್, ಬಾಟಲಿ ಇಳಸ್ರಿ, ವಿಸ್ಕೋ ಕೊಡ್ರಿ’ ಎಂದರು, ನೀರು ಕೇಳುವಷ್ಟು ಸಹಜವಾದ ದನಿಯಲ್ಲಿ. ಬಲಗೈಯ ಕ್ಯಾನ್ಯುಲಾ ಒಳಗೇ ಅಲುಗದೆ ನಿಂತಿತು. ಎಡಗೈಯಲ್ಲಿದ್ದ ಸಿರಿಂಜನ್ನು ಬಿಟ್ಟು ವಿಸ್ಕೋ ತೆಗೆದುಕೊಂಡು, ಪಕ್ಕದ ಸಣ್ಣ ಗಾಯದ ಮೂಲಕ ಹರಿದ ಜಾಗದ ಮೇಲೆ ಮೊದಲು, ಆಮೇಲೆ ಇಡೀ ಚೇಂಬರಿಗೆ ತುಂಬಿದೆ. ಚೇಂಬರ್ ಗಟ್ಟಿಯಾದ ಮೇಲೆ ನೀರಿನ ಕೊಳವೆಯನ್ನು ಮಡಚಿ ಹಿಡಿದು ಕ್ಯಾನ್ಯುಲಾ ಹೊರತೆಗೆದೆ. ಇದರ ಲೆಕ್ಕಾಚಾರ ಸರಳ. ಹಿಂಚೀಲದ ಹಿಂದೆ ವಿಟ್ರಿಯಸ್ ಎಂಬ ಲೋಳೆ ಇದೆ, ಅದು ಒತ್ತಡ ಕಡಿಮೆಯಿರುವ ಕಡೆಗೆ ನುಗ್ಗುತ್ತದೆ. ಉಪಕರಣವನ್ನು ಥಟ್ಟನೆ ಎಳೆದರೆ ಚೇಂಬರ್ ಬರಿದಾಗುತ್ತದೆ, ವಿಟ್ರಿಯಸ್ ಮುಂದೆ ಬರುವ ರಭಸಕ್ಕೆ ಸಣ್ಣ ಹರಕು ದೊಡ್ಡದಾಗುತ್ತದೆ. ಚೇಂಬರಿನ ಒತ್ತಡವನ್ನು ಬೀಳಗೊಡದಿದ್ದರೆ ಹರಕು ಇದ್ದಷ್ಟೇ ಉಳಿಯುವ ಸಾಧ್ಯತೆ ಹೆಚ್ಚು.

ಆ ಅಜ್ಜನ ಕಣ್ಣಿನಲ್ಲಿ ವಿಟ್ರಿಯಸ್ ಸ್ವಲ್ಪ ಮುಂದೆ ಬಂದಿತ್ತು. ಟನಲ್ಲಿನ ಬಾಯಿಗೆ ಒಣ ಸ್ಪಂಜಿನ ತುದಿ ಮುಟ್ಟಿಸಿ ಎತ್ತಿದರೆ ತೆಳು ಎಳೆಯೊಂದು ಅದಕ್ಕಂಟಿ ಬಂತು, ಅದರೊಂದಿಗೆ ಪಾಪೆಯ ಅಂಚು ಮೊನಚಾಯಿತು. ಅಲ್ಲಿಂದ ಮುಂದಿನ ಕೆಲಸವನ್ನು ಮೇಡಂ ಮಾಡುತ್ತ ನನಗೆ ತೋರಿಸಿದರು. ಟನಲ್ಲನ್ನು ಮುಚ್ಚಿ, ಎರಡು ಸಣ್ಣ ಪಕ್ಕಗಾಯಗಳ ಮೂಲಕ, ಒಂದರಲ್ಲಿ ನೀರು, ಇನ್ನೊಂದರಲ್ಲಿ ವಿಟ್ರಿಯಸ್ಸನ್ನು ಕತ್ತರಿಸಿ ಹೀರುವ ವಿಟ್ರೆಕ್ಟಮಿ ಕಟರ್. ಟ್ರಯಾಮ್ಸಿನೊಲೋನ್ ಎಂಬ ಬಿಳಿಯ ಔಷಧಿ ಹಾಕಿದೊಡನೆ ಅದುವರೆಗೆ ಕಣ್ಣಿಗೆ ಬೀಳದಿದ್ದ ವಿಟ್ರಿಯಸ್ ಎಳೆಗಳು ಬಿಳಿಯ ಕಣಗಳನ್ನು ಹಿಡಿದುಕೊಂಡು ಎದ್ದು ಕಂಡವು. ಕಟರಿನ ಕತ್ತರಿಕೆಯ ವೇಗ ಹೆಚ್ಚು, ಎಳೆತ ಕಡಿಮೆ. ಮೊದಲು ಕತ್ತರಿಸುವುದು, ಆಮೇಲೆ ಎಳೆಯುವುದು. ವಿಟ್ರಿಯಸ್ಸಿನ ಎಳೆ ಹಿಂದೆ, ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾಕ್ಕೆ ಅಂಟಿಕೊಂಡಿರುತ್ತದೆ. ಇಲ್ಲಿ ಜಗ್ಗಿದ್ದು ಅಲ್ಲಿ ಹರಿಯುತ್ತದೆ. ಮುಂಚೀಲದ ದುಂಡು ಅಂಚು ಅಖಂಡವಾಗಿ ಉಳಿದಿದ್ದರಿಂದ ಪಿಎಂಎಂಎ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಮಸೂರವನ್ನು ಅದರ ಮೇಲೆ, ಐರಿಸ್ಸಿನ ಹಿಂದೆ ಇಟ್ಟೆವು. ಮಸೂರ ಚೀಲದೊಳಗೆ ಕೂರುವುದಕ್ಕಿಂತ ಸ್ವಲ್ಪ ಮುಂದೆ ಕೂರುವುದರಿಂದ ಅದರ ಪವರನ್ನು ಅರ್ಧ ಡಯಾಪ್ಟರಿನಷ್ಟು ಇಳಿಸಿಕೊಂಡಿದ್ದೆವು. ಕೊನೆಗೆ ಪಾಪೆಯನ್ನು ಕುಗ್ಗಿಸುವ ಪೈಲೊಕಾರ್ಪಿನ್ ಹಾಕಿದಾಗ ಪಾಪೆ ಯಾವ ಕಡೆಗೂ ಎಳೆಯದೆ ದುಂಡಗೆ ಕುಗ್ಗಿತು. ಆ ದುಂಡು ಪಾಪೆಯೇ ಗಾಯಕ್ಕೆ ವಿಟ್ರಿಯಸ್ ಸಿಕ್ಕಿಕೊಂಡಿಲ್ಲವೆಂಬುದರ ಸಾಕ್ಷಿ. ಟನಲ್ಲಿಗೆ ಒಂದು ಹೊಲಿಗೆ ಬಿತ್ತು.

ಇಷ್ಟು ಹೊತ್ತೂ ಅಜ್ಜ ಎಚ್ಚರವಾಗಿದ್ದರು. ಕಣ್ಣಿನ ಸುತ್ತ ಲಿಗ್ನೊಕೇನ್, ಬುಪಿವಕೇನ್ ಇಂಜೆಕ್ಷನ್ ಕೊಟ್ಟಿರುತ್ತೇವೆಯೇ ಹೊರತು ನಿದ್ದೆ ಬರಿಸಿರುವುದಿಲ್ಲ; ಬಟ್ಟೆಯ ಕೆಳಗೆ ಮಲಗಿದವರಿಗೆ ನಮ್ಮ ಪ್ರತಿಯೊಂದು ಮಾತೂ ಕೇಳಿಸುತ್ತದೆ. ‘ಯವ್ವಾ, ಭಾಳ ಹೊತ್ತಾತು, ಏನರ ಆತೇನು?’ ಎಂದು ಅವರು ಕೇಳಿದರು. ‘ಅಜ್ಜಾರ, ಒಳಗ ಒಂದು ತೆಳು ಪರದೆ ಹರದದ. ಅದನ್ನ ಸರಿಮಾಡಾಕ ಹತ್ತೀವಿ. ನೀವು ಹಿಂಗ ಅಳ್ಳಾಡದಂಗ ಮಲಗ್ರಿ’ ಎಂದು ಮೇಡಂ ಹೇಳಿದರು. ಸಂಜೆ ವಾರ್ಡಿಗೆ ಹೋಗಿ ಅವರ ಮಗನನ್ನು ಕೂಡಿಸಿಕೊಂಡು ಏನಾಯಿತು, ಏನು ಮಾಡಿದೆವು, ಮುಂದೆ ಏನನ್ನು ಗಮನಿಸಬೇಕು, ಯಾಕೆ ಉಳಿದವರಿಗಿಂತ ಹೆಚ್ಚು ಸಲ ಬರಬೇಕು ಎಂಬುದನ್ನು ನನ್ನಿಂದಲೇ ಹೇಳಿಸಿದರು. ತೊಡಕನ್ನು ನಿಭಾಯಿಸುವ ಕಲಿಕೆಯಲ್ಲಿ ಈ ಮಾತುಕತೆಯೂ ಒಂದು ಹಂತ. ಇದನ್ನು ಪಠ್ಯಕ್ರಮದಲ್ಲಿ ಸೇರಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ, ಏಕೆಂದರೆ ಸತ್ಯ ತಿಳಿದ ರೋಗಿ ತಪಾಸಣೆಗೆ ತಪ್ಪದೆ ಬರುತ್ತಾರೆ, ತಪಾಸಣೆಗೆ ಬಂದ ಕಣ್ಣಿನಲ್ಲಿ ಏರಿದ ಒತ್ತಡವನ್ನಾಗಲಿ, ಕೆಲವು ವಾರಗಳ ನಂತರ ರೆಟಿನಾದ ನಡುವೆ ಕಾಣಿಸಿಕೊಳ್ಳಬಹುದಾದ ಬಾವನ್ನಾಗಲಿ ಹೊತ್ತಿಗೆ ಸರಿಯಾಗಿ ಹಿಡಿಯಬಹುದು. ಮರುದಿನ ಅಜ್ಜನ ಕಾರ್ನಿಯಾ ಸ್ವಲ್ಪ ಊದಿತ್ತು, ಒತ್ತಡ ಏರಿತ್ತು. ಎರಡೂ ಔಷಧಿಗೆ ಇಳಿದವು. ರೆಟಿನಾವನ್ನು ಸುತ್ತಲೂ ನೋಡಿ ಎಲ್ಲೂ ಹರಕಿಲ್ಲವೆಂದು ಖಚಿತಪಡಿಸಿಕೊಂಡೆವು. ಕನ್ನಡಕ ಬರೆದುಕೊಡುವ ಹೊತ್ತಿಗೆ ಅವರ ದೃಷ್ಟಿ 6/12 ಇತ್ತು.

ನ್ಯೂಕ್ಲಿಯಸ್ ಪೂರ್ತಿಯಾಗಿ ಅಥವಾ ಚೂರಾಗಿ ವಿಟ್ರಿಯಸ್ಸಿನೊಳಗೆ ಬಿದ್ದರೆ ಮಾತು ಬೇರೆ. ಮುಳುಗುತ್ತಿರುವ ಚೂರು ಕಣ್ಣಿಗೆ ಕಾಣುತ್ತಿರುತ್ತದೆ, ವೆಕ್ಟಿಸ್ ಕೈಯಲ್ಲಿರುತ್ತದೆ, ಇನ್ನೊಂದು ಸ್ವಲ್ಪ ಆಳಕ್ಕೆ ಹೋದರೆ ಸಿಕ್ಕೀತೆಂಬ ಆಸೆ ಬಲವಾಗಿರುತ್ತದೆ. ಹಾಗೆ ಬೆನ್ನಟ್ಟಿ ಹೋದ ಕಣ್ಣುಗಳಲ್ಲಿ ರೆಟಿನಾ ಹರಿದದ್ದನ್ನು ಕಂಡಿದ್ದೇನೆ. ಮುಂದಕ್ಕೆ ಬಂದ ವಿಟ್ರಿಯಸ್ಸನ್ನು ಶುಚಿಮಾಡಿ, ಗಾಯವನ್ನು ಭದ್ರವಾಗಿ ಮುಚ್ಚಿ, ರೆಟಿನಾ ಶಸ್ತ್ರವೈದ್ಯರಲ್ಲಿಗೆ ಬೇಗ ಕಳಿಸಿದರೆ ಅಂಥ ಕಣ್ಣಿಗೂ ಒಳ್ಳೆಯ ದೃಷ್ಟಿ ಬರುತ್ತದೆ. ಮೊಂಡಾದ ಬ್ಲೇಡಿನಿಂದ ಕಾರ್ನಿಯಾದ ಒಳಮೈಯ ಡೆಸಿಮೆಟ್ ಪದರ ಕಳಚಿಕೊಂಡರೆ ಚೇಂಬರಿಗೆ ಗಾಳಿಗುಳ್ಳೆ ಬಿಟ್ಟು ರೋಗಿಯನ್ನು ಅಂಗಾತ ಮಲಗಿಸಿದರೆ ಹೆಚ್ಚಿನವು ಅಂಟಿಕೊಳ್ಳುತ್ತವೆ.

ಇವೆಲ್ಲಕ್ಕಿಂತ ಭಯಾನಕವಾದದ್ದು ಕಣ್ಣಿನ ಹಿಂಪದರದಲ್ಲಿ ಒಮ್ಮೆಗೇ ರಕ್ತಸ್ರಾವವಾಗುವುದು. ಹಿರಿಯರೊಬ್ಬರ ಟೇಬಲ್ಲಿನಲ್ಲಿ ಸಹಾಯಕಳಾಗಿದ್ದಾಗ ಅದನ್ನು ನೋಡಿದೆ. ರೋಗಿ ನೋವೆಂದು ನರಳಿದರು, ಮೆತ್ತಗಿದ್ದ ಕಣ್ಣು ಕ್ಷಣಾರ್ಧದಲ್ಲಿ ಕಲ್ಲಾಯಿತು, ಕೆಂಪು ಹೊಳಪು ಆರಿತು, ಐರಿಸ್ ಗಾಯದತ್ತ ನುಗ್ಗಿತು. ಅವರು ಇದ್ದ ಬಿದ್ದ ಕೆಲಸವನ್ನೆಲ್ಲ ಅಲ್ಲೇ ಬಿಟ್ಟು ಟನಲ್ಲಿನ ಮೇಲೆ ಬೆರಳೊತ್ತಿ ಹಿಡಿದು, ಹೊಲಿಗೆ ಹಾಕಿ, ಕಣ್ಣಿನ ಒತ್ತಡ ಇಳಿಸುವ ಮ್ಯಾನಿಟಾಲನ್ನು ರಕ್ತನಾಳಕ್ಕೆ ಕೊಡಿಸಿದರು. ಹಳೆಯ ಕಾಲದ ಅಗಲ ಗಾಯವಾಗಿದ್ದರೆ ಕಣ್ಣಿನೊಳಗಿರುವುದೆಲ್ಲ ಹೊರಗೆ ಬರುತ್ತಿತ್ತು. ಕವಾಟದಂತೆ ಮುಚ್ಚಿಕೊಳ್ಳುವ ಟನಲ್ಲಿನ ಬೆಲೆ ನನಗೆ ಅಂದು ಪೂರ್ತಿ ತಿಳಿಯಿತು.

ಎಂಎಸ್ ಮುಗಿಸಿ ಫೆಲೋಷಿಪ್ಪಿಗೆ ಸೇರಿದ ಮೇಲೆ ಫೇಕೊ ಕಲಿತೆ. ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಮೊದಲು ಮನುಷ್ಯರ ಕಣ್ಣಿನಲ್ಲಿ ಬಳಸಿದ ಈ ವಿಧಾನದಲ್ಲಿ ಗಾಯ 3 ಮಿಲಿಮೀಟರಿಗಿಂತ ಚಿಕ್ಕದು. ನ್ಯೂಕ್ಲಿಯಸ್ಸನ್ನು ಒಳಗೇ ಅಲ್ಟ್ರಾಸೌಂಡಿನಿಂದ ಕಡಿದು ಹೀರಬೇಕು. ಕೈಗಳ ಜೊತೆ ಕಾಲೂ ಕೆಲಸ ಕಲಿಯಬೇಕು. ಪೆಡಲಿನ ಮೊದಲ ಸ್ಥಾನದಲ್ಲಿ ನೀರು ಬರುತ್ತದೆ, ಎರಡನೆಯದರಲ್ಲಿ ಎಳೆತವೂ ಸೇರುತ್ತದೆ, ಮೂರನೆಯದರಲ್ಲಿ ಅಲ್ಟ್ರಾಸೌಂಡ್. ಚೂರೊಂದು ತುದಿಯನ್ನು ಮುಚ್ಚಿಕೊಂಡು ನಿಂತಾಗ ಕೊಳವೆಯಲ್ಲಿ ನಿರ್ವಾತ ಏರುತ್ತದೆ. ಅದು ಒಡೆದು ಒಳಹೋದ ಕ್ಷಣದಲ್ಲಿ ಚೇಂಬರಿನ ದ್ರವ ಒಮ್ಮೆಲೇ ಸೆಳೆದುಕೊಂಡು ಹಿಂಚೀಲ ಮೇಲಕ್ಕೆ ಹಾರುತ್ತದೆ. ಸರ್ಜ್ ಎನ್ನುವ ಈ ಕ್ರಿಯೆಯಿಂದ ಕೊನೆಯ ಚೂರು ತೆಗೆಯುವಾಗ ಎಷ್ಟೋ ಹಿಂಚೀಲಗಳು ಹೋಗುತ್ತವೆ. ಅಷ್ಟು ಹೊತ್ತಿಗೆ ಅದನ್ನು ಕೆಳಗೆ ಒತ್ತಿ ಹಿಡಿಯಲು ನ್ಯೂಕ್ಲಿಯಸ್ ಇರುವುದಿಲ್ಲ. ಆದ್ದರಿಂದ ಕೊನೆಯ ಚೂರಿಗೆ ನಿರ್ವಾತವನ್ನು ಇಳಿಸಿ, ನ್ಯೂಕ್ಲಿಯಸ್ಸನ್ನು ಸೀಳಲು ಎಡಗೈಯಲ್ಲಿ ಹಿಡಿಯುವ ಚಾಪರನ್ನು ತುದಿಯ ಕೆಳಗೆ ಅಡ್ಡ ಇಟ್ಟುಕೊಳ್ಳುತ್ತೇವೆ. ಹರಕು ಬಿತ್ತೆಂದು ಅನುಮಾನ ಬಂದರೆ ಕಾಲು ಮೊದಲ ಸ್ಥಾನದಲ್ಲಿ ನಿಲ್ಲಬೇಕು, ಪೂರ್ತಿ ಬಿಡಬಾರದು. ಎಡಗೈಯ ಚಾಪರನ್ನು ತೆಗೆದು, ಅದೇ ಗಾಯದಿಂದ ವಿಸ್ಕೋ ತುಂಬಿ, ಆಮೇಲೆ ಬಲಗೈಯ ಫೇಕೊ ಪ್ರೋಬ್ ಹೊರಗೆ. ಸಿಮ್ಕೊ ಹಿಡಿದಾಗ ಮೇಡಂ ಬಲಗೈಗೆ ಕಲಿಸಿದ್ದನ್ನು ಇಲ್ಲಿ ಬಲಗಾಲಿಗೆ ಕಲಿಸಬೇಕಾಯಿತು.

ಈ ಶಿಸ್ತಿನ ಅಗತ್ಯ ಎದ್ದು ಕಾಣುವುದು ಪೋಸ್ಟೀರಿಯರ್ ಪೋಲಾರ್ ಪೊರೆಯಲ್ಲಿ. ಹಿಂಚೀಲದ ನಡುವೆ, ಈರುಳ್ಳಿಯ ಅಡ್ಡಸೀಳಿನಂತೆ ಬಳೆಬಳೆಯಾಗಿ ಕಾಣುವ ಈ ಪೊರೆಯ ಅಡಿಯಲ್ಲಿ ಚೀಲ ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ಚೀಲದಿಂದ ಕಾರ್ಟೆಕ್ಸನ್ನು ಬಿಡಿಸಲು ಸಾಮಾನ್ಯವಾಗಿ ಮಾಡುವಂತೆ ಇಲ್ಲಿ ಚೀಲದ ಕೆಳಗೆ ನೀರು ಹಾಯಿಸಿದರೆ ಅದು ಅಲ್ಲೇ ಬಿರಿಯಬಹುದು. ಹಾಗಾಗಿ ನ್ಯೂಕ್ಲಿಯಸ್ಸಿಗೂ ಅದರ ಮೆತ್ತನೆಯ ಹೊದಿಕೆಗೂ ನಡುವೆ ಮಾತ್ರ ನೀರು ಬಿಟ್ಟು, ಆ ಹೊದಿಕೆಯನ್ನೇ ಚೀಲಕ್ಕೆ ಮೆತ್ತೆಯಾಗಿ ಕೊನೆಯವರೆಗೆ ಉಳಿಸಿಕೊಳ್ಳುತ್ತೇವೆ. ಒಂದೊಂದು ಉಪಕರಣವನ್ನು ತೆಗೆಯುವ ಮೊದಲೂ ಚೇಂಬರನ್ನು ವಿಸ್ಕೋದಿಂದ ತುಂಬುತ್ತೇವೆ, ಹರಕು ಇರಲಿ ಇಲ್ಲದಿರಲಿ. ಇಂಥ ರೋಗಿಗೆ ಹಿಂಚೀಲ ಒಡೆಯುವ ಸಂಭವವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ತಿಳಿಸಿ ಸಹಿ ಪಡೆಯುತ್ತೇವೆ.

ಸೋಂಕಿನ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ಮೂರನೆಯ, ನಾಲ್ಕನೆಯ ದಿನ ನೋವು, ಕೆಂಪು, ಇಳಿಯುತ್ತಿರುವ ದೃಷ್ಟಿ, ಚೇಂಬರಿನ ತಳದಲ್ಲಿ ಕೀವಿನ ಗೆರೆ ಕಂಡರೆ ಗಂಟೆಗಳೂ ಎಣಿಕೆಗೆ ಬರುತ್ತವೆ. ವಿಟ್ರಿಯಸ್ಸಿನಿಂದ ಮಾದರಿ ತೆಗೆದು, ವ್ಯಾಂಕೊಮೈಸಿನ್ 1 ಮಿ.ಗ್ರಾಂ. ಮತ್ತು ಸೆಫ್ಟಜಿಡಿಮ್ 2.25 ಮಿ.ಗ್ರಾಂ. ಅನ್ನು ಅದೇ ಹೊತ್ತಿಗೆ ಕಣ್ಣಿನೊಳಗೆ ಕೊಡಬೇಕು. ತಡೆಯುವ ದಾರಿ ಇದಕ್ಕಿಂತ ಸುಲಭ. 5% ಪೊವಿಡೋನ್ ಅಯೊಡಿನ್ ಹನಿಯನ್ನು ಕಣ್ಣಿಗೆ ಹಾಕಿ ಗಡಿಯಾರ ನೋಡಿಕೊಂಡು 3 ನಿಮಿಷ ಕಾಯುವುದು, ಸೋರದ ಗಾಯ, ಕೊನೆಯಲ್ಲಿ ಚೇಂಬರಿಗೆ ಮಾಕ್ಸಿಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್. ಅರವಿಂದ ಆಸ್ಪತ್ರೆಗಳ 6 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಈ ಔಷಧಿ ಕೊಟ್ಟಲ್ಲಿ ಸೋಂಕಿನ ಪ್ರಮಾಣ 0.07 ಪ್ರತಿಶತದಿಂದ 0.02 ಪ್ರತಿಶತಕ್ಕೆ ಇಳಿದಿತ್ತು.

ಈಗ ಕಲಿಯುವವರ ಪಕ್ಕದಲ್ಲಿ ಕೂರುವ ಸರದಿ ನನ್ನದು. ಮೊದಲ ಕೇಸ್ ಕೊಡುವ ಮುನ್ನ ಅವರಿಂದ ಒಂದು ಅಭ್ಯಾಸ ಮಾಡಿಸುತ್ತೇನೆ. ಆಡಿನ ಕಣ್ಣಿನಲ್ಲಿ ಕ್ಯಾನ್ಯುಲಾ ಹಾಕಿಕೊಂಡು ಕೆಲಸ ಮಾಡುತ್ತಿರುವಾಗ, ನಾನು ಹೇಳದೆ ಕೇಳದೆ ‘ರೆಂಟ್’, ಅಂದರೆ ಹರಕು, ಎಂದು ಕೂಗುತ್ತೇನೆ. ಅವರ ಬಲಗೈ ನಿಲ್ಲಬೇಕು, ಎಡಗೈ ವಿಸ್ಕೋಗೆ ಚಾಚಬೇಕು. ಬಲಗೈ ಹಿಂದೆ ಸರಿಯದಂತಾಗುವವರೆಗೂ ಅದನ್ನೇ ಮಾಡಿಸುತ್ತೇನೆ. ಜೊತೆಗೆ, ಕೇಸ್ ಶುರುವಾಗುವ ಮೊದಲು ವಿಟ್ರೆಕ್ಟಮಿ ಕಟರ್ ಓಡುತ್ತಿದೆಯೇ, ಟ್ರಯಾಮ್ಸಿನೊಲೋನ್ ಇದೆಯೇ, ಐರಿಸ್ಸಿನ ಹಿಂದೆ ಇಡಬಹುದಾದ ಮಸೂರ ಬೇಕಾದ ಪವರಿನಲ್ಲಿ ಕಪಾಟಿನಲ್ಲಿದೆಯೇ ಎಂದು ಅವರೇ ಹೋಗಿ ನೋಡಿ ಬರಬೇಕು. ಚೀಲದೊಳಗೆ ಇಡಲೆಂದೇ ಮಾಡಿದ ಮಡಚುವ ಒಂದೇ ತುಂಡಿನ ಮಸೂರವನ್ನು ಅಲ್ಲಿ ಇಡಲಾಗುವುದಿಲ್ಲ, ಅದರ ಅಂಚು ಐರಿಸ್ಸನ್ನು ಸದಾ ಉಜ್ಜುತ್ತಿರುತ್ತದೆ. ಕಲಿಯುವವರು ಕೂರುವ ಎಷ್ಟೋ ಟೇಬಲ್ಲುಗಳಲ್ಲಿ ಇಂದಿಗೂ ಓಡುವ ಕಟರ್ ಇಲ್ಲ. ವಿಟ್ರಿಯಸ್ ಬಂದರೆ ಸ್ಪಂಜಿನಿಂದ ಎತ್ತಿ ಕತ್ತರಿಯಿಂದ ಕತ್ತರಿಸುತ್ತಾರೆ, ಪ್ರತಿ ಎತ್ತಿನಲ್ಲೂ ರೆಟಿನಾ ಜಗ್ಗುತ್ತದೆ. ಹೊಸ ಫೇಕೊ ಯಂತ್ರಕ್ಕೆ ಬೇಡಿಕೆಪತ್ರ ಬರೆಯುವಾಗಲೆಲ್ಲ ನಾನು ಮೊದಲ ಸಾಲಿನಲ್ಲಿ ಕಟರ್ ಬರೆಯುತ್ತೇನೆ, ಅದು ಬರುವವರೆಗೆ ಸ್ಯೂಡೋಎಕ್ಸ್‌ಫೋಲಿಯೇಷನ್ ಇರುವ ಕಣ್ಣುಗಳನ್ನೂ ಪೋಲಾರ್ ಪೊರೆಗಳನ್ನೂ ಕಲಿಯುವವರ ಪಟ್ಟಿಗೆ ಹಾಕುವುದಿಲ್ಲ.